ಪಕ್ಕದ ಸೀಟಿನಲ್ಲಿ ಬ್ರೇಕ್ ಇಲ್ಲ

ಕಳೆದ ತಿಂಗಳು ಅಂಕಲ್ ತೀರಿಕೊಂಡ ಸುದ್ದಿ ಬಂದ ಮೇಲೆ ನಮ್ಮ ಕಡೆಯ ಕನ್ನಡದವರೆಲ್ಲ ಸೇರಿ ಝೂಮ್‌ನಲ್ಲಿ ಒಂದು ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿದ್ದರು. ಮಾತಾಡಿದವರೆಲ್ಲರೂ ಅವರನ್ನು ಸ್ಥಿತಪ್ರಜ್ಞ ಎಂದೇ ಕರೆದರು. ನಾರ್ತ್ ಕ್ಯಾರೊಲೈನಾದ ಏಪೆಕ್ಸ್ ಊರಿನಿಂದ ಸೇರಿಕೊಂಡಿದ್ದ ಒಬ್ಬರು "ಅವರು ಯಾವುದಕ್ಕೂ ಅಂಟಿಕೊಂಡವರೇ ಅಲ್ಲ" ಎಂದು ಕಣ್ಣೊರೆಸಿಕೊಂಡರು. ಅವರು ಅಂಕಲ್ ಅವರನ್ನು ನೋಡಿದ್ದು ಒಂದೇ ಸಲ, ಯಾರದೋ ಮದುವೆಯ ಊಟದ ಸಾಲಿನಲ್ಲಿ. ಮತ್ತೊಬ್ಬರು "ಮನಸ್ಸಿನಲ್ಲಿ ಒಂದು, ಬಾಯಲ್ಲಿ ಒಂದು ಇಲ್ಲದ ಮನುಷ್ಯ" ಎಂದರು. ನನಗೂ ಎರಡು ನಿಮಿಷ ಕೊಟ್ಟಿದ್ದರು. ಆ ಎರಡು ನಿಮಿಷವನ್ನು ನಾನು ಮ್ಯೂಟ್‌ನಲ್ಲೇ ಮಾತಾಡಿ ಮುಗಿಸಿದೆ. ಯಾರೂ ತಡೆಯಲಿಲ್ಲ. ಕೊನೆಯಲ್ಲಿ ಎಲ್ಲರೂ ಕೈಮುಗಿದರು, ಇಬ್ಬರು ಚಪ್ಪಾಳೆಯ ಗುರುತು ಹಾಕಿದರು.

ಮ್ಯೂಟ್‌ನಲ್ಲಿ ಹೇಳಿದ್ದು ಇಷ್ಟು: ಅಂಕಲ್ ಒಂದಕ್ಕೆ ಅಂಟಿಕೊಂಡಿದ್ದರು. ಅದಕ್ಕಾಗಿ ನನ್ನ ಹತ್ತಿರ ಒಂದು ದೊಡ್ಡ ವಿಷಯ ಮುಚ್ಚಿಟ್ಟರು. ಆ ವಿಷಯದ ಪಕ್ಕದಲ್ಲಿ ನನ್ನ ಒಬ್ಬಳೇ ಮಗಳು ಸ್ಟಿಯರಿಂಗ್ ಹಿಡಿದು ಕೂತಿದ್ದಳು.

ಮೊದಲು ನನ್ನ ಬಗ್ಗೆ ಸ್ವಲ್ಪ ಹೇಳಿಬಿಡುವುದು ಒಳ್ಳೆಯದು. ನಾನು ಒಂದು ವಿಮಾ ಕಂಪನಿಯ ರಿಸ್ಕ್ ವಿಭಾಗದಲ್ಲಿದ್ದೇನೆ. ಮುಂದೆ ಏನೇನು ಕೆಡಬಹುದು ಎಂದು ಪಟ್ಟಿ ಮಾಡುವುದೇ ಉದ್ಯೋಗ. ಮನೆಗೆ ಬಂದ ಮೇಲೆ ಅದೇ ಕೆಲಸವನ್ನು ಸಂಬಳವಿಲ್ಲದೆ ಮುಂದುವರಿಸುತ್ತೇನೆ. ಗ್ಯಾರೇಜ್ ಬಾಗಿಲು ಮುಚ್ಚಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬಂದು ನೋಡುವುದು, ಅದು ಮುಚ್ಚಿದ್ದರೆ ಒಂದು ಥರದ ನಿರಾಸೆಯಾಗುವುದು, ಇವೆಲ್ಲ ನನ್ನ ಗುಣವಿಶೇಷಗಳು. ಗಂಡ ವಾರವಿಡೀ ಶಾರ್ಲೆಟ್‌ನ ಬ್ಯಾಲಂಟೈನ್‌ನಲ್ಲಿ ಬ್ಯಾಂಕೊಂದರ ಕೆಲಸ ಮಾಡಿ ಶುಕ್ರವಾರ ಸಂಜೆ ನಮ್ಮ ಮನೆಯಿರುವ ಜಾರ್ಜಿಯಾದ ಕಮ್ಮಿಂಗ್‌ಗೆ ಬರುತ್ತಾನೆ. ಅಷ್ಟು ದೂರದ ಕೆಲಸ ಯಾಕೆ ಒಪ್ಪಿಕೊಂಡೆ ಎಂದು ಯಾರಾದರೂ ಕೇಳಿದರೆ ಅವನು ನನ್ನ ಮುಖ ನೋಡಿ ಸುಮ್ಮನಾಗುತ್ತಾನೆ.

ಅಂಕಲ್ ನಮ್ಮ ಸಬ್‌ಡಿವಿಷನ್ ಎಂಬ ಬಡಾವಣೆಯ ಅತ್ಯಂತ ಚಿಕ್ಕ ಮನೆಯಲ್ಲಿದ್ದರು, ನಮ್ಮಿಂದ ನಾಲ್ಕು ಮನೆ ಆಚೆ. ಮಂಗಳೂರು ಕಡೆಯವರು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಡಾಕ್ಟರ್ ಆಗಿ ಈ ದೇಶಕ್ಕೆ ಬಂದು, ಸೌತ್ ಕ್ಯಾರೊಲೈನಾದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಜೀವಮಾನವೆಲ್ಲ ಎಕ್ಸ್‌ರೇ ನೋಡಿ ವರದಿ ಬರೆಸಿದವರು. ಹೆಂಡತಿ ಹೋದ ಮೇಲೆ ಇಲ್ಲಿಗೆ ಬಂದರು. "ಇಲ್ಲಿ ಯಾಕೆ ಅಂಕಲ್?" ಎಂದು ಕೇಳಿದ್ದಕ್ಕೆ "ಇಲ್ಲಿ ರಸ್ತೆ ಒಳ್ಳೆಯದುಂಟು" ಎಂದಿದ್ದರು. ತಮಾಷೆ ಎಂದುಕೊಂಡಿದ್ದೆ. ನಾನೂ ಅವರನ್ನು ಅಂಕಲ್ ಎನ್ನುತ್ತಿದ್ದೆ, ಮಗಳು ಮೇಧಾಳೂ ಅಂಕಲ್ ಎನ್ನುತ್ತಿದ್ದಳು. ಅಮೆರಿಕದ ಕನ್ನಡದಲ್ಲಿ ಎರಡು ತಲೆಮಾರಿಗೆ ಒಂದೇ ಅಂಕಲ್ ಸಾಕು.

ಅವರ ನೋಟದ ಬಗ್ಗೆ ಹೇಳಲೇಬೇಕು. ಯಾರ ಜೊತೆ ಮಾತಾಡುವಾಗಲೂ ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಕಣ್ಣಿನ ಮೂಲೆಯಿಂದ ನೋಡುತ್ತಿದ್ದರು. ಅದು ಪ್ರಪಂಚವನ್ನು ಗೆದ್ದವರು ನಮ್ಮಂಥ ಹುಳುಗಳನ್ನು ನೋಡುವ ರೀತಿ ಎಂದು ನಾವೆಲ್ಲ ತೀರ್ಮಾನಿಸಿದ್ದೆವು. ಆ ನೋಟ ಬಿದ್ದಾಗ ನಾನು ನನ್ನ ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿ, ನಾನು ಹೇಳುತ್ತಿರುವುದು ಎಷ್ಟು ಕ್ಷುಲ್ಲಕ ಎಂದು ಯೋಚಿಸುತ್ತಿದ್ದೆ. ಸಾಮಾನ್ಯವಾಗಿ ಅದು ಕ್ಷುಲ್ಲಕವೇ ಆಗಿರುತ್ತಿತ್ತು.

ಎಲ್ಲರೂ ಮನೆಯೊಳಗೆ ಕೂತಿದ್ದ ಕೋವಿಡ್ ವರ್ಷದಲ್ಲಿ ಅವರಿಗೆ ಸ್ಟೋಯಿಕ್‌ರ ಹುಚ್ಚು ಹಿಡಿಯಿತು. ಎರಡು ಸಾವಿರ ವರ್ಷದ ಹಿಂದೆ ಗ್ರೀಸಿನಲ್ಲಿ, ರೋಮಿನಲ್ಲಿ ಇದ್ದ ತತ್ವಜ್ಞಾನಿಗಳು ಅವರು. ನಮ್ಮ ಕೈಯಲ್ಲಿರುವುದು ಯಾವುದು, ಇಲ್ಲದ್ದು ಯಾವುದು ಎಂದು ಬಿಡಿಸಿಕೋ. ಇಲ್ಲದ್ದರ ಗೊಡವೆಗೆ ಹೋಗಬೇಡ ಎನ್ನುವವರು. ಕನ್ನಡ ಕೂಟದವರು ಅಂಕಲ್ ಕೈಯಲ್ಲಿ ಝೂಮ್ ಉಪನ್ಯಾಸ ಮಾಡಿಸಿದರು. ಹನ್ನೊಂದು ಜನ ಕೇಳಿದೆವು, ಅದರಲ್ಲಿ ನಾಲ್ಕು ಜನ ಅಡುಗೆ ಮಾಡುತ್ತಿದ್ದರು. ನಲವತ್ತು ನಿಮಿಷವೂ ತೆರೆಯ ಮೇಲೆ ಅವರ ಮನೆಯ ಸೀಲಿಂಗ್ ಫ್ಯಾನ್ ಮಾತ್ರ ಕಾಣುತ್ತಿತ್ತು. ಅಂಕಲ್‌ಗಳ ಕ್ಯಾಮೆರಾ ಸೀಲಿಂಗ್ ಕಡೆಗೇ ಇರುವುದು ಲೋಕಾರೂಢಿ, ಯಾರಿಗೂ ಏನೂ ಅನ್ನಿಸಲಿಲ್ಲ. ಕೊನೆಗೆ ಯಾರೋ ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿದರು: "ಅಂಕಲ್, ಇದೆಲ್ಲ ನಮ್ಮಲ್ಲೇ ಇದೆಯಲ್ಲ?"

ಫ್ಯಾನ್ ಒಂದು ಕ್ಷಣ ಸುಮ್ಮನೆ ತಿರುಗಿತು. "ಉಂಟು," ಎಂದಿತು. "ನಿಮ್ಮಲ್ಲಿ ಅಂದರೆ ಎಲ್ಲಿ? ಶೆಲ್ಫಿನಲ್ಲಾ, ಮನುಷ್ಯನಲ್ಲಾ?"

ಅವರು ಬರೀ ಉಪನ್ಯಾಸದವರಾಗಿರಲಿಲ್ಲ ಎನ್ನುವುದೇ ನಮ್ಮ ಬೆರಗು. ತಿಂಗಳಿಗೊಂದು ವಸ್ತುವನ್ನು ಬಿಟ್ಟು ಬದುಕುವುದನ್ನು ಅಭ್ಯಾಸ ಮಾಡುತ್ತಿದ್ದರು. ಒಂದು ತಿಂಗಳು ಉಪ್ಪು. ಒಂದು ತಿಂಗಳು ಟೀವಿ. ಆಮೇಲೆ ಕಾರು. ಕಾರನ್ನು ತಿಂಗಳಾದ ಮೇಲೂ ಮುಟ್ಟಲಿಲ್ಲ, ಮಾರಿಯೇಬಿಟ್ಟರು. ಕಮ್ಮಿಂಗ್‌ನಲ್ಲಿ ಕಾರಿಲ್ಲದೆ ಬದುಕುವುದೆಂದರೆ ಸಮುದ್ರದಲ್ಲಿ ದೋಣಿಯಿಲ್ಲದೆ ಬದುಕಿದ ಹಾಗೆ. ಹಳದಿ ಜಾಕೆಟ್ ಹಾಕಿಕೊಂಡು, ಫುಟ್‌ಪಾತೇ ಇಲ್ಲದ ರಸ್ತೆಯ ಹುಲ್ಲಂಚಿನಲ್ಲಿ ಹೆಜ್ಜೆ ಎಣಿಸುತ್ತ ಅಂಗಡಿಗೆ ನಡೆಯುತ್ತಿದ್ದರು. ಮತ್ತೊಂದು ತಿಂಗಳು ಕಣ್ಣಿಗೆ ಟವೆಲ್ ಕಟ್ಟಿಕೊಂಡು ನೀರುದೋಸೆ ಹುಯ್ದರು. ಅದನ್ನು ನಾನು ಕಣ್ಣಾರೆ ನೋಡಿ, ತಿಂದು, ವಿಡಿಯೋ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದೆ. "ಕಷ್ಟ ಬರುವ ಮೊದಲೇ ಕಷ್ಟವನ್ನು ಅಭ್ಯಾಸ ಮಾಡುವ ಋಷಿ" ಎಂದು ಕೆಳಗೆ ಬರೆದಿದ್ದೆ. ನೂರು ಕೈಮುಗಿಯುವ ಗುರುತುಗಳು ಬಂದವು.

ಅದನ್ನು ನೋಡಿ ನನ್ನ ಗಂಡನಿಗೂ ಸ್ಟೋಯಿಕ್ ಆಗುವ ಹುಮ್ಮಸ್ಸು ಬಂತು. ಫೋನಿಗೆ ದಿನಕ್ಕೊಂದು ಹಿತವಚನ ಬರುವ ಹಾಗೆ ಮಾಡಿಕೊಂಡ. ಮಂಜುಗಡ್ಡೆ ತುಂಬಿ ಕೂರುವ ಟಬ್ ಒಂದನ್ನು ಆರ್ಡರ್ ಮಾಡಿದ. ಅದು ಎರಡು ದಿನ ತಡವಾಯಿತು. ಆ ಎರಡು ದಿನ ಅವನು ಕಸ್ಟಮರ್ ಸರ್ವಿಸ್‌ನವರ ಜೊತೆ ಫೋನಿನಲ್ಲಿ ಕೂಗಾಡಿದ್ದು ನಾಲ್ಕು ಮನೆ ಆಚೆಗೂ ಕೇಳಿತು.

ಮುಂದಿನ ಶನಿವಾರ ಅಂಕಲ್ ಬಂದು ಕೇಳಿದರು: "ಟಬ್ ಬಂತಾ?"

"ಬಂತು ಅಂಕಲ್."

"ಅವನು ತಣ್ಣಗಾದನಾ?"

ನನ್ನ ವಿಷಯಕ್ಕೆ ಬಂದರೆ ನಾನು ಅವರಿಗೆ ಒಂದು ವಾದ ಹೂಡಿದ್ದೆ. "ಅಂಕಲ್, ಮುಂದೆ ಬರಬಹುದಾದ ಕಷ್ಟಗಳನ್ನ ಮೊದಲೇ ಊಹಿಸಿಕೋ ಅಂತ ನಿಮ್ಮ ಸ್ಟೋಯಿಕ್‌ರು ಹೇಳ್ತಾರಲ್ಲ, ಅದನ್ನ ನಾನು ಬೆಳಗ್ಗೆಯಿಂದ ಸಾಯಂಕಾಲದವರೆಗೂ ಮಾಡ್ತೀನಿ. ಹಾಗಾದರೆ ನಾನೇ ದೊಡ್ಡ ಸ್ಟೋಯಿಕ್ ಅಲ್ವಾ?"

ಆ ಓರೆನೋಟ ಬಿತ್ತು. "ನೀನು ಬೀಳುವುದನ್ನು ಮಾತ್ರ ಪ್ರಾಕ್ಟೀಸ್ ಮಾಡ್ತಿ ಮಾರಾಯ್ತಿ. ಏಳುವುದನ್ನು ಯಾವಾಗ ಮಾಡುವುದು?"

ಮೇಧಾಗೆ ಹದಿನಾರು ತುಂಬುವುದರಲ್ಲಿತ್ತು. ಮೇ ಕೊನೆಯಿಂದ ಊರಿನ ಈಜುಕೊಳದಲ್ಲಿ ಲೈಫ್‌ಗಾರ್ಡ್ ಕೆಲಸ ಸಿಕ್ಕಿತ್ತು, ಅವಳ ಜೀವನದ ಮೊದಲ ಕೆಲಸ. ಅಲ್ಲಿಗೆ ಬಸ್ಸಿಲ್ಲ, ನಡೆಯುವ ದೂರವಲ್ಲ, ನಾನು ಆಫೀಸಿನಲ್ಲಿ, ಅಪ್ಪ ಬ್ಯಾಲಂಟೈನ್‌ನಲ್ಲಿ. ಲೈಸೆನ್ಸ್ ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಲೈಸೆನ್ಸ್ ಬೇಕಾದರೆ ದೊಡ್ಡವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಲವತ್ತು ಗಂಟೆ ಓಡಿಸಿ, ಅದನ್ನೆಲ್ಲ ಒಂದು ಹಾಳೆಯಲ್ಲಿ ತುಂಬಿ, ತಂದೆ ಅಥವಾ ತಾಯಿ ಸಹಿ ಹಾಕಬೇಕು.

ಮೊದಲ ಗಂಟೆ ನಾನು ಕೂತೆ. ಖಾಲಿ ಚರ್ಚ್ ಪಾರ್ಕಿಂಗ್ ಲಾಟ್, ಮಂಗಳವಾರ, ನರಪಿಳ್ಳೆಯಿಲ್ಲ. ಐದನೆಯ ನಿಮಿಷಕ್ಕೆ ನಾನು ಕಿರುಚಿದೆ.

"ಅಮ್ಮ! ವಾಟ್?"

"ನಾಯಿ! ನಾಯಿ!"

"ಅಮ್ಮ, ಅದು ಪ್ಲಾಸ್ಟಿಕ್ ಬ್ಯಾಗ್."

ಹತ್ತನೆಯ ನಿಮಿಷಕ್ಕೆ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಎಷ್ಟು ಜೋರಾಗಿ ಒತ್ತಿತ್ತೆಂದರೆ ಮೀನಖಂಡ ಹಿಡಿದುಕೊಂಡಿತು. ಮೇಧಾ ಕಾರು ನಿಲ್ಲಿಸಿ, ಇಳಿದು, ಬಾಗಿಲು ಹಾಕಿ ಹೊರಗೆ ನಿಂತಳು. "ನೀನು ಸ್ಕ್ರೀಮ್ ಮಾಡ್ತಾ ಇದ್ರೆ ನಾನು ಹೇಗೆ ಡ್ರೈವ್ ಮಾಡೋದು? ಐ ಕಾಂಟ್ ಡೂ ದಿಸ್ ವಿತ್ ಯೂ." ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ, ಇವಳಿಗೆ ಬಿಸಿಲು ಬಡಿಯಿತೇನೋ ಎಂದು ನನಗೆ ಆತಂಕವಾಯಿತು.

ಹುಲ್ಲಂಚಿನಲ್ಲಿ ಹಳದಿ ಜಾಕೆಟ್ ಬರುತ್ತಿತ್ತು. ಕಥೆ ಕೇಳಿ ಅಂಕಲ್ ಹೇಳಿದರು: "ನಾನು ಕೂರ್ತೇನೆ. ನನಗೆ ಪುರುಸೊತ್ತು ಉಂಟು, ಲೈಸೆನ್ಸೂ ಉಂಟು. ನೀನು ಮನೆಯಲ್ಲಿ ಕೂತು ಹೆದರು, ಅಲ್ಲಿಯಾದರೆ ಯಾರಿಗೂ ತೊಂದರೆ ಇಲ್ಲ."

ಅವರಿಗೆ ಒಂದೇ ಷರತ್ತಿತ್ತು, ಹಗಲು ಮಾತ್ರ. ರಾತ್ರಿಯ ಗಂಟೆಗಳನ್ನು ವಾರಾಂತ್ಯದಲ್ಲಿ ಅಪ್ಪ ಮಾಡಿಸಲಿ ಎಂದರು. ವಯಸ್ಸಾದವರಲ್ಲವೇ, ಬೇಗ ಮಲಗುತ್ತಾರೆ ಎಂದುಕೊಂಡೆ.

ಅವರ ಪಾಠದ ಕ್ರಮವನ್ನು ಮೇಧಾ ಊಟದ ಹೊತ್ತಿಗೆ ವರದಿ ಮಾಡುತ್ತಿದ್ದಳು. ಡ್ರೈವ್ ಮಾಡುವಾಗ ಕಣ್ಣಿಗೆ ಬಿದ್ದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಿರಬೇಕು. ಮುಂದೆ ಬಿಳಿ ವ್ಯಾನ್. ಸಿಗ್ನಲ್ ಹಸಿರು. ಬಲಗಡೆ ಸ್ಕೂಲ್ ಬಸ್, ಕೆಂಪು ದೀಪ ಮಿನುಗುತ್ತಿದೆ. ಬರೀ ಕಂಡದ್ದು. "ಆ ಈಡಿಯಟ್ ವ್ಯಾನ್" ಎಂದರೆ ತಪ್ಪು. ವ್ಯಾನ್ ಕಾಣುತ್ತದೆ, ಈಡಿಯಟ್ ಕಾಣುವುದಿಲ್ಲ. ಇದು ಅವರ ಎಕ್ಸ್‌ರೇ ಕಾಲದ ರೂಢಿ. ಮೊದಲು ಚಿತ್ರದಲ್ಲಿ ಕಂಡದ್ದನ್ನಷ್ಟೇ ಒಂದೊಂದಾಗಿ ಹೇಳಿ ಬರೆಸಬೇಕು. ಏನನ್ನಿಸಿತು ಎನ್ನುವುದು ವರದಿಯ ಕಡೇ ಸಾಲಿನಲ್ಲಿ. "ಅನ್ನಿಸಿದ್ದನ್ನು ಮೊದಲು ಬರೆದ ಡಾಕ್ಟರ್ ಕಂಡದ್ದನ್ನು ನೋಡುವುದೇ ಇಲ್ಲ," ಎನ್ನುತ್ತಿದ್ದರಂತೆ. "ಸ್ಟೋಯಿಕ್‌ರು ಹೇಳುವುದೂ ಇಷ್ಟೇ. ಕಂಡದ್ದು ಮೊದಲು, ಅನ್ನಿಸಿದ್ದು ಆಮೇಲೆ."

ನನ್ನ ಬದುಕಿನಲ್ಲಿ ಬರೀ ಅನ್ನಿಸಿದ್ದೇ ಇದೆ, ಕಂಡದ್ದು ಏನೂ ಇಲ್ಲ ಎಂದು ಒಂದು ಸಂಜೆ ಗೊತ್ತಾಯಿತು.

ಆದರೆ ಪವಾಡ ನಡೆದದ್ದು ಆ ವಾರಗಳಲ್ಲೇ. ಮಗಳು ರಸ್ತೆಯ ಮೇಲಿದ್ದಾಗ ನಾನು ಮನೆಯ ಹಿಂದಿನ ಮರದ ಜಗಲಿಯಲ್ಲಿ, ಡೆಕ್ಕಿನಲ್ಲಿ, ಕಾಫಿ ಹಿಡಿದು ಕೂರುತ್ತಿದ್ದೆ. ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಪಕ್ಕದಲ್ಲಿ ಅಂಕಲ್ ಇದ್ದಾರೆ, ಅವರ ಕಣ್ಣು ತಪ್ಪಿಸಿ ಏನಾದರೂ ಆಗುವುದುಂಟೇ? ಆಫೀಸಿನ ಊಟದ ಮೇಜಿನಲ್ಲಿ ಸಹೋದ್ಯೋಗಿಗಳಿಗೆ ಉಪದೇಶ ಕೊಡಲು ಶುರು ಮಾಡಿದೆ: ನಮ್ಮ ಕೈಯಲ್ಲಿಲ್ಲದ್ದನ್ನು ಬಿಟ್ಟುಬಿಡಬೇಕು ನೋಡಿ. ಅವರು ನನ್ನ ಮುಖವನ್ನೂ ನನ್ನ ಪಟ್ಟಿಗಳನ್ನೂ ಸರದಿಯಂತೆ ನೋಡಿದರು. ಹುಟ್ಟಿದಾರಭ್ಯ ನಾನು ನೆಮ್ಮದಿಯಾಗಿದ್ದದ್ದು ಆ ಇಪ್ಪತ್ತಮೂರು ಗಂಟೆ.

ಇಪ್ಪತ್ತನಾಲ್ಕನೆಯದು ಶುರುವಾಗಬೇಕಿದ್ದ ದಿನ ಮೇಧಾ ಇನ್ನೂ ಸ್ಕೂಲಿನಿಂದ ಬಂದಿರಲಿಲ್ಲ. ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಕೃತಜ್ಞತೆಯಿಂದ ಒಂದು ಡಬ್ಬಿ ಬಿಸಿಬೇಳೆಬಾತ್ ಮಾಡಿಕೊಂಡು ಅಂಕಲ್ ಮನೆಗೆ ಹೋದೆ. ಬೆಲ್ ಒತ್ತಿದೆ. ಬಾಗಿಲು ತೆಗೆದರು. ನಾನು ಅವರ ಎದುರಿಗೆ, ಮೂರಡಿ ದೂರದಲ್ಲಿ, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಡಬ್ಬಿ ಹಿಡಿದು ನಗುತ್ತ ನಿಂತಿದ್ದೆ. ಅವರು ನೇರ ನನ್ನ ಮುಖ ನೋಡಿ, ತುಂಬ ಸೌಜನ್ಯದಿಂದ ಇಂಗ್ಲಿಷಿನಲ್ಲಿ ಹೇಳಿದರು: "ಜಸ್ಟ್ ಲೀವ್ ಇಟ್ ಆನ್ ದ ಪೋರ್ಚ್. ಥ್ಯಾಂಕ್ ಯೂ, ಸರ್."

ತಮಾಷೆ ಎಂದುಕೊಂಡು ನಕ್ಕೆ. ನಗುವಿನ ದನಿ ಕೇಳಿದೊಡನೆ ಅವರು ಮುಖವನ್ನು ಎಡಕ್ಕೆ ತಿರುಗಿಸಿದರು. ಓರೆನೋಟದಲ್ಲಿ ಹುಡುಕಿದರು. "ಓ, ನೀನಾ," ಎಂದರು.

ಆ ನೋಟ ತಿರಸ್ಕಾರದ್ದಲ್ಲ. ಎರಡು ವರ್ಷದಿಂದ ನನ್ನನ್ನು ಕುಗ್ಗಿಸುತ್ತಿದ್ದ ಆ ನೋಟ, ಆ ಮನುಷ್ಯ ನನ್ನ ಮುಖವನ್ನು ನೋಡಲು ಪಡುತ್ತಿದ್ದ ಪ್ರಯತ್ನ.

ಬಿಸಿಬೇಳೆಬಾತ್ ಹಿಡಿದುಕೊಂಡೇ ಕೇಳಿದೆ. "ಅಂಕಲ್, ನಿಮಗೆ ಕಣ್ಣು ಕಾಣಲ್ವಾ?"

"ಸುತ್ತ ಕಾಣ್ತದೆ. ನಡುವೆ ಇಲ್ಲ. ನಡುವೆ ಒಂದು ಬೂದಿ ಬಣ್ಣದ ತೂತು." ಎಕ್ಸ್‌ರೇ ಓದುವ ದನಿ. "ಮೊದಲು ಸಣ್ಣದಿತ್ತು. ಈಗ ಒಂದು ಕಾರಿನಷ್ಟುಂಟು."

"ಯಾವಾಗಿಂದ?"

"ಉಪ್ಪು ಬಿಟ್ಟೆನಲ್ಲ, ಅದಕ್ಕಿಂತ ಮೊದಲೇ ಡಾಕ್ಟರ್ ಹೇಳಿದ್ದ."

ಹಾಗಾದರೆ ಮಾರಿದ ಕಾರು, ಎಣಿಸಿದ ಹೆಜ್ಜೆ, ಟವೆಲ್ ಕಟ್ಟಿಕೊಂಡು ಹುಯ್ದ ದೋಸೆ... ನಾನು ಋಷಿ ಎಂದು ಬರೆದು ವಾಟ್ಸಾಪಿನಲ್ಲಿ ಹಾಕಿದ್ದು ಒಬ್ಬ ಮುದುಕ ಕುರುಡನಾಗಲು ತಯಾರಿ ನಡೆಸುತ್ತಿದ್ದುದರ ವಿಡಿಯೋ.

"ಮತ್ತೆ ನನ್ನ ಮಗಳನ್ನ..." ಎಂದೆ. ಕಾನೂನಿನ ಪ್ರಕಾರ ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂರಬೇಕು. ಅಂಕಲ್‌ಗೆ ಲೈಸೆನ್ಸ್ ಇತ್ತು. ಕಣ್ಣಿರಲಿಲ್ಲ. ಪ್ಲಾಸ್ಟಿಕ್ ಚೀಲಕ್ಕೂ ಹೆದರುವ ನಾನು, ಸೇಬಿಗೆ ಮೇಣ ಹಚ್ಚಿರುತ್ತಾರೆಂದು ಅದನ್ನು ಬಿಸಿನೀರಿನಲ್ಲಿ ತೊಳೆಯುವ ನಾನು, ಹೆತ್ತ ಮಗಳನ್ನು ಇಪ್ಪತ್ತಮೂರು ಗಂಟೆ ಈ ಮನುಷ್ಯನ ಉಸ್ತುವಾರಿಗೆ ಬಿಟ್ಟು ಡೆಕ್ಕಿನಲ್ಲಿ ಕಾಫಿ ಕುಡಿದಿದ್ದೆ. ನೂರಾರು ರಿಸ್ಕ್‌ಗಳ ಪಟ್ಟಿ ಮಾಡಿದ್ದೆ, ಇದೊಂದು ಅದರಲ್ಲಿರಲಿಲ್ಲ.

ಅವರು ವಾದ ಮಾಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು ಹೇಳಿದರು: "ತಪ್ಪು ಮಾರಾಯ್ತಿ. ದೊಡ್ಡ ತಪ್ಪು. ಎಲ್ಲ ಬಿಟ್ಟೆ ನೋಡು. ಉಪ್ಪು ಬಿಟ್ಟೆ, ಪುಸ್ತಕ ಬಿಟ್ಟೆ, ಕಾರೂ ಕೊಟ್ಟೆ. ರಸ್ತೆ ಬಿಡ್ಲಿಕ್ಕೆ ಆಗಲಿಲ್ಲ. ಐವತ್ತು ವರ್ಷ ಓಡಿಸಿದವ ನಾನು. ಅವಳು 'ಮುಂದೆ ಬಿಳಿ ವ್ಯಾನ್' ಅಂದರೆ ನನಗೆ ವ್ಯಾನ್ ಕಾಣ್ತಿತ್ತು."

ನಾನು ಡಬ್ಬಿಯನ್ನು ಪೋರ್ಚಿನಲ್ಲಿಟ್ಟು ಬಂದೆ, ಅವರು ಹೇಳಿದ ಹಾಗೇ. ಮನೆಗೆ ಬಂದು ಹಾಳೆ ತೆಗೆದು ಇಪ್ಪತ್ತಮೂರು ಗಂಟೆಗಳ ಮೇಲೂ ಅಡ್ಡಗೆರೆ ಎಳೆದೆ. ಗಂಡ ಫೋನಿನಲ್ಲಿ "ಕಾಮ್ ಡೌನ್, ಏನೂ ಆಗಿಲ್ವಲ್ಲ" ಎಂದ. ಅವನ ಹಿತವಚನಗಳನ್ನೆಲ್ಲ ಟಬ್ಬಿನಲ್ಲಿ ಮುಳುಗಿಸುವುದಾಗಿ ಹೇಳಿ ಫೋನ್ ಇಟ್ಟೆ.

ಮೇಧಾ ಸ್ಕೂಲಿನಿಂದ ಬಂದು ಹಾಳೆ ನೋಡಿದಳು. ಮೇ ಕೊನೆಗೆ ಮೂರು ವಾರ ಉಳಿದಿತ್ತು.

"ಅಂಕಲ್‌ಗೆ ಕಣ್ಣು ಕಾಣಲ್ಲ ಮೇಧಾ."

"ಐ ನೋ."

"ನಿನಗೆ ಗೊತ್ತಿತ್ತಾ?"

"ಥರ್ಡ್ ಡೇನೇ ಗೊತ್ತಾಯ್ತು. ಸ್ಟಾಪ್ ಸೈನ್ ಹತ್ರ ನಿಲ್ಲಿಸಿದ್ರೆ, ಯಾಕೆ ನಿಲ್ಲಿಸಿದೆ ಅಂತ ಕೇಳಿದ್ರು."

"ನನಗೆ ಯಾಕೆ ಹೇಳಲಿಲ್ಲ!"

"ಹೇಳಿದ್ರೆ ನೀನು ಕೂರ್ತಿದ್ದೆ." ಅವಳು ಬ್ಯಾಗನ್ನು ನೆಲಕ್ಕೆ ಹಾಕಿದಳು. "ಅಮ್ಮ, ಲಿಸನ್. ನೀನು ಕೂತ್ರೆ ನಾನು ನೋಡೋದೇ ಬೇಡ. ನಾನು ನೋಡೋಕೆ ಮುಂಚೆ ನೀನು ಸ್ಕ್ರೀಮ್ ಮಾಡ್ತೀಯ. ಅಂಕಲ್ ಜೊತೆ, ನಾನು ನೋಡಿಲ್ಲ ಅಂದ್ರೆ ಯಾರೂ ನೋಡಲ್ಲ. ಸೋ ಐ ಲುಕ್ಡ್. ಅಷ್ಟೇ."

ಹದಿನಾರು ವರ್ಷದಲ್ಲಿ ಅವಳು ಕನ್ನಡದಲ್ಲಿ ಒಟ್ಟಿಗೆ ಆಡಿದ ಅತಿ ಉದ್ದದ ಮಾತು ಅದು. ಅವರಿಬ್ಬರೂ ಮಾಡಿದ್ದು ತಪ್ಪೇ, ಅದನ್ನು ಈಗಲೂ ಹೇಳುತ್ತೇನೆ. ಗೆರೆಯನ್ನು ಅಳಿಸಲಿಲ್ಲ. ಆದರೆ ಆ ಇಪ್ಪತ್ತಮೂರು ಗಂಟೆಗಳನ್ನು ಮತ್ತೆ ಮಾಡಿಸಬೇಕಾದವಳು ನಾನೇ ಎಂಬುದೂ ಅಷ್ಟರಲ್ಲಿ ಹೊಳೆದು, ಬಲಗಾಲಿನ ಮೀನಖಂಡ ಈಗಲೇ ನೋಯತೊಡಗಿತು.

ಮೂರು ದಿನ ನಾನು ಅಂಕಲ್ ಮನೆಯ ಕಡೆ ತಿರುಗಿ ನೋಡಲಿಲ್ಲ. ನಾಲ್ಕನೆಯ ದಿನ ನಮ್ಮ ಪೋರ್ಚಿನಲ್ಲಿ ತೊಳೆದಿಟ್ಟ ಡಬ್ಬಿ ಇತ್ತು. ಒಳಗೆ ಒಂದು ಚೀಟಿ, ಸಾಲುಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು: "ಕಂಡದ್ದು: ಉಪ್ಪು ಜಾಸ್ತಿ."

ಮೇಧಾ ಒಂದು ಷರತ್ತು ಹಾಕಿದಳು. ಮುಂದಿನ ಸೀಟಿನಲ್ಲಿ ಅಮ್ಮ, ಹಿಂದಿನ ಸೀಟಿನಲ್ಲಿ ಅಂಕಲ್. ಮೇಲ್ವಿಚಾರಣೆ ನನ್ನದು, ನನ್ನ ಮೇಲ್ವಿಚಾರಣೆ ಅವರದು. ಹೀಗೆ ಉಳಿದ ದಿನಗಳಲ್ಲಿ ಸಂಜೆಯ ಹೊತ್ತು ಒಬ್ಬ ಹುಡುಗಿ, ಒಬ್ಬ ಪುಕ್ಕಲಿ, ಒಬ್ಬ ಅರೆಗುರುಡ ಒಂದೇ ಕಾರಿನಲ್ಲಿ ನಮ್ಮ ಫೋರ್ಸೈತ್ ಕೌಂಟಿಯ ರಸ್ತೆಗಳಲ್ಲಿ ಸುತ್ತಿದೆವು. ಮೇಧಾ ಕಂಡದ್ದನ್ನು ಹೇಳುತ್ತಿದ್ದಳು. ನಾನು ಬಾಯಿಗೆ ದುಪಟ್ಟಾ ಒತ್ತಿಕೊಂಡಿರುತ್ತಿದ್ದೆ. ಅಂಕಲ್‌ಗೆ ಕಣ್ಣು ಹೋಗಿದ್ದರೂ ಕಿವಿ ಚುರುಕಾಗಿತ್ತು. ನನ್ನ ಚಪ್ಪಲಿ ಕಾರ್ಪೆಟ್ಟಿಗೆ ಉಜ್ಜಿದ ಸದ್ದಾದೊಡನೆ ಹಿಂದಿನಿಂದ ದನಿ ಬರುತ್ತಿತ್ತು: "ಕಾಲು ತೆಗಿ. ಅಲ್ಲಿ ಬ್ರೇಕ್ ಇಲ್ಲ."

"ಗೊತ್ತು ಅಂಕಲ್."

"ಗೊತ್ತಿದ್ದರೆ ಸಾಲುವುದಿಲ್ಲ. ಕಾಲಿಗೂ ಗೊತ್ತಾಗಬೇಕು."

ಒಮ್ಮೆ ನಾನೂ ಬಿಡಲಿಲ್ಲ. "ನೀವೂ ಬಿಡೋಕಾಗದೆ ಕಾರಲ್ಲಿ ಕೂತಿದ್ದೀರಲ್ಲ ಅಂಕಲ್, ನಿಮ್ಮ ಸ್ಟೋಯಿಕ್‌ರು ಏನಂತಾರೆ?"

"ಅವರೂ ಮನೆಯಲ್ಲಿ ಹೆಂಡತಿ ಹತ್ತಿರ ಬೈಸಿಕೊಂಡಿರಬೇಕು. ಬರೆದಿಡಲಿಲ್ಲ ಅಷ್ಟೇ."

ಕಣ್ಣಿನ ವಿಷಯವನ್ನು ಅಂಕಲ್ ತಾವೇ ತಮ್ಮ ಮಗನಿಗೆ ಫೋನ್ ಮಾಡಿ ಹೇಳಿದ್ದರು. ಮಗ ಇದ್ದದ್ದು ವಾಷಿಂಗ್ಟನ್ ಹತ್ತಿರ, ಮೇರಿಲ್ಯಾಂಡ್‌ನಲ್ಲಿ. ಅಲ್ಲಿ ಮನೆ ಬಾಗಿಲಿನಿಂದಲೇ ಮೆಟ್ರೊಗೆ ನಡೆದುಹೋಗಬಹುದು, ಕಣ್ಣು ಕಡಿಮೆಯಿದ್ದವರಿಗೆ ಅದೇ ಸರಿ ಎಂದು ಅಪ್ಪನನ್ನು ಕರೆದೊಯ್ಯಲು ಬಂದ. ಹೊರಡುವ ದಿನ ಮೇಧಾಳ ಹಾಳೆಯಲ್ಲಿ ಎರಡು ಗಂಟೆ ಮಾತ್ರ ಬಾಕಿ ಇತ್ತು. ಅಟ್ಲಾಂಟಾ ಏರ್‌ಪೋರ್ಟಿಗೆ ತಾನೇ ಬಿಡುತ್ತೇನೆ ಎಂದಳು. ಬೇಡವೆನ್ನಲು ನನ್ನ ಹತ್ತಿರ ಹದಿನೇಳು ಕಾರಣಗಳಿದ್ದವು. ಹದಿನೇಳನ್ನೂ ನುಂಗಿಕೊಂಡು ಪಕ್ಕದ ಸೀಟಿನಲ್ಲಿ ಕೂತೆ. ಅಪ್ಪ ಮಗ ಹಿಂದೆ ಕೂತರು.

ಊರು ದಾಟುವವರೆಗೆ ಮೇಧಾ ಕಂಡದ್ದನ್ನು ಹೇಳುತ್ತಿದ್ದಳು. ಅಟ್ಲಾಂಟಾದ ನಡುವಿಗೆ ಬಂದಾಗ ಎಡಗಡೆಯಿಂದ, ಬಲಗಡೆಯಿಂದ ರಸ್ತೆಗಳು ಬಂದು ಸೇರಿಕೊಂಡವು. ಅವಳ ಬೆರಳುಗಳು ಸ್ಟಿಯರಿಂಗ್ ಮೇಲೆ ಬಿಳುಚಿದವು. ಮಾತು ನಿಂತಿತು. ಹಿಂದಿನ ಸೀಟಿನಲ್ಲಿ ಅಂಕಲ್ ಮುಖವನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸುತ್ತಿದ್ದದ್ದು ಕನ್ನಡಿಯಲ್ಲಿ ಕಂಡಿತು. ಅವರ ರಸ್ತೆ ಆರಿಹೋಗಿತ್ತು.

"ಎಡಗಡೆ ಲಾರಿ," ಎಂದೆ ನಾನು. ನನ್ನ ದನಿಯೇ ನನಗೆ ಪರಕೀಯವಾಗಿತ್ತು. "ಉದ್ದದ್ದು. ಬಾಗಿಲ ಮೇಲೆ ಹಸಿರು ಬಣ್ಣ. ಮುಂದೆ ಕೆಂಪು ಕಾರು, ನಾಲ್ಕು ಕಾರಿನಷ್ಟು ಜಾಗ ಇದೆ. ಮೇಲೆ ಸೇತುವೆ. ಸೇತುವೆ ಮೇಲೆ ಒಬ್ಬ ನಡೀತಿದ್ದಾನೆ. ಬಲಗಡೆ ಗಾಜಿನ ಕಟ್ಟಡ, ಅದರಲ್ಲಿ ಮೋಡ ಕಾಣ್ತಿದೆ. ಬೈಕ್ ಬಂತು. ಹೋಯ್ತು."

"ಹಾಂ," ಎಂದರು ಅಂಕಲ್. "ಹೇಳು, ಹೇಳು."

ಏರ್‌ಪೋರ್ಟಿನ ಬೋರ್ಡ್ ಬರುವವರೆಗೂ ಹೇಳಿದೆ. ಕಾರು ನಿಂತ ಮೇಲೆ ನೋಡಿಕೊಂಡರೆ ನನ್ನ ಎರಡೂ ಪಾದ ಕಾರ್ಪೆಟ್ಟಿನ ಮೇಲೆ ಮಲಗಿದ ಬೆಕ್ಕಿನ ಮರಿಗಳ ಹಾಗೆ ಸುಮ್ಮನಿದ್ದವು. ಹೆದರುವುದು ಮರೆತುಹೋಗಿತ್ತು. ಇದನ್ನು ಸಾಧನೆ ಎಂದು ಹೇಳಿಕೊಳ್ಳುತ್ತಿಲ್ಲ. ವಾಪಸು ಬರುವಾಗ ಬಡ್ಡಿ ಸಮೇತ ಹೆದರಿದೆ.

ಮಗ ಸೂಟ್‌ಕೇಸ್ ಇಳಿಸುತ್ತಿದ್ದ. ಅಂಕಲ್ ಇಳಿದು ನಿಂತರು. ನಾನು ಅವರ ಎದುರಿಗೆ ಹೋಗಿ ನಿಂತೆ. ಅವರು ಎಂದಿನಂತೆ ಮುಖವನ್ನು ಎಡಕ್ಕೆ ತಿರುಗಿಸಲು ಹೊರಟರು. ಆಗ ನನಗೆ ಹೊಳೆಯಿತು. ಅವರ ಎದುರಿನಿಂದ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಅವರ ಕಣ್ಣಿನ ಮೂಲೆಗೆ ಹೋಗಿ ನಿಂತೆ. ಅವರು ಮುಖ ತಿರುಗಿಸಬೇಕಾಗಲಿಲ್ಲ.

"ಹಾಂ. ಈಗ ಕಂಡಿ ನೀನು," ಎಂದರು.

"ಏನು ಕಂಡಿರಿ ಅಂಕಲ್?"

"ಒಂದು ಹೆಂಗಸು. ಎರಡೂ ಕಾಲು ನೆಲದ ಮೇಲುಂಟು."

"ಅನ್ನಿಸಿದ್ದು?"

"ಅದು ಆಮೇಲೆ," ಎಂದು ಮಗನ ಮೊಣಕೈ ಹಿಡಿದು ಒಳಗೆ ಹೋದರು.

ಮೇಧಾ ಟೆಸ್ಟ್ ಪಾಸಾಗಿ, ಮೊದಲ ದಿನ ಈಜುಕೊಳಕ್ಕೆ ಒಬ್ಬಳೇ ಕಾರು ತೆಗೆದುಕೊಂಡು ಹೋದದ್ದನ್ನು ಫೋನಿನಲ್ಲಿ ಅವರಿಗೆ ಹೇಳಿದೆ. ಆ ಬೆಳಗ್ಗೆ ನಾನು ಡ್ರೈವ್‌ವೇಯಲ್ಲಿ ಬರಿಗಾಲಿನಲ್ಲಿ ನಿಂತಿದ್ದೆ ಎಂದೂ ಹೇಳಿದೆ. ಆಮೇಲೆ ಪ್ರತಿ ಭಾನುವಾರ ಮಾತಾಡುತ್ತಿದ್ದೆವು. ಮೇರಿಲ್ಯಾಂಡ್‌ನಲ್ಲಿ ಮೆಟ್ರೊದ ಕಿಟಕಿ ಪಕ್ಕ ಕೂತು, ಪಕ್ಕದವರನ್ನು ಏನೇನು ಕಾಣುತ್ತಿದೆ ಎಂದು ಕೇಳಿ ಪೀಡಿಸುತ್ತಿದ್ದರಂತೆ, ಮಗ ದೂರುತ್ತಿದ್ದ. ನಾನು ಪ್ರತಿ ಸಲವೂ ಫೋನ್ ಇಡುವ ಮುಂಚೆ ಕೇಳುತ್ತಿದ್ದೆ: "ಅಂಕಲ್, ಆವತ್ತು ಏರ್‌ಪೋರ್ಟಿನಲ್ಲಿ ನನ್ನ ನೋಡಿ ಏನನ್ನಿಸಿತು ಹೇಳಲೇ ಇಲ್ವಲ್ಲ?"

"ರಿಪೋರ್ಟ್ ಟೈಪ್ ಆಗ್ತಾ ಉಂಟು ಮಾರಾಯ್ತಿ," ಎನ್ನುತ್ತಿದ್ದರು.

ಅದು ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತು, ಆದರೆ ಗೊತ್ತಿದ್ದರೆ ಸಾಲುವುದಿಲ್ಲವಲ್ಲ. ಕಳೆದ ತಿಂಗಳು ಮಗ ಫೋನ್ ಮಾಡಿ ಸುದ್ದಿ ಹೇಳಿದಾಗ ಮೇಧಾ ಕಾರು ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿದ್ದೆ. ಫೋನ್ ಕೆಳಗಿಟ್ಟೆ. ಯಾರೂ ಹೇಳದೆ ಅವಳು ಸಣ್ಣ ದನಿಯಲ್ಲಿ ಶುರು ಮಾಡಿದಳು: "ಮುಂದೆ ಬಿಳಿ ವ್ಯಾನ್. ಸಿಗ್ನಲ್ ಹಸಿರು."

ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿಕೊಂಡಿತ್ತು. ಹಿಂದಿನ ಸೀಟಿನಿಂದ ಯಾರೂ ಏನೂ ಅನ್ನಲಿಲ್ಲ. ನಾನೇ ಕಾಲು ತೆಗೆದೆ.